ಕೆಲವೇ ವಾರಗಳ ಪುಟ್ಟ ರೈಲು: ಮನೆಯಲ್ಲಿ ಋತುಮಾನದ ಲೇಔಟ್ ಕಟ್ಟುವವರು ಪದೇ ಪದೇ ಕೇಳುವ ಪ್ರಶ್ನೆಗಳು

ರೈಲಿನ ಪೆಟ್ಟಿಗೆ ಅಟ್ಟದಿಂದ ಇಳಿಯುವ ಹೊತ್ತಿಗೆ ಪ್ರತಿ ವರ್ಷ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಬರುತ್ತವೆ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಮೊದಲ ಸಲ ಕೈ ಹಾಕುವವರು ಮೇಲಿನಿಂದ ಓದಿ. ಈಗಾಗಲೇ ಒಂದು ಸುತ್ತು ಓಡಿಸಿದವರು ತಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಬಹುದು.

## ಶುರು ಮಾಡುವ ಮುನ್ನ

ಸೀಸನ್ ಲೇಔಟ್ ಅಂದ್ರೆ ಏನು? ಮಾಮೂಲಿ ಮಾಡೆಲ್ ರೈಲಿಗೂ ಇದಕ್ಕೂ ಏನು ವ್ಯತ್ಯಾಸ?

ಲೇಔಟ್ ಎಂದರೆ ಹಳಿ, ಊರು, ಬೆಟ್ಟ ಎಲ್ಲ ಸೇರಿಸಿ ಹಲಗೆಯ ಮೇಲೆ ಕಟ್ಟಿದ ಪುಟ್ಟ ರೈಲಿನ ಲೋಕ. ಮಾಮೂಲಿ ಲೇಔಟ್ ಒಂದೇ ಕಡೆ ವರ್ಷಗಟ್ಟಲೆ ಇರುತ್ತದೆ, ನಿಧಾನವಾಗಿ ಬೆಳೆಯುತ್ತದೆ. ಋತುಮಾನದ್ದು ಹಾಗಲ್ಲ. ಹಿಮದ ಊರೋ, ಮಳೆಯಲ್ಲಿ ತೊಯ್ದ ನಿಲ್ದಾಣವೋ, ಎಲೆ ಉದುರಿದ ಬೆಟ್ಟವೋ, ಯಾವುದೋ ಒಂದು ಕಾಲವನ್ನು ತೋರಿಸಿ ಕೆಲವು ವಾರ ಓಡುತ್ತದೆ. ಆಮೇಲೆ ಪೆಟ್ಟಿಗೆ ಸೇರುತ್ತದೆ.

ಈ ಒಂದು ವ್ಯತ್ಯಾಸ ಉಳಿದೆಲ್ಲವನ್ನೂ ಬದಲಿಸುತ್ತದೆ. ನನ್ನ ಸಲಹೆ ಯಾವಾಗಲೂ ಒಂದೇ: ಬಿಚ್ಚುವ ದಿನವನ್ನು ಮೊದಲು ಕಣ್ಣ ಮುಂದೆ ತಂದುಕೊಳ್ಳಿ, ಕಟ್ಟುವುದನ್ನು ಆಮೇಲೆ ಯೋಚಿಸಿ. ಇದನ್ನು ಯಾರು ಎತ್ತುತ್ತಾರೆ, ಯಾವ ಬಾಗಿಲಿನಲ್ಲಿ ಹಾಯಬೇಕು, ಎಲ್ಲಿ ಇಡುತ್ತೀರಿ? ಉತ್ತರ ಸಿಕ್ಕರೆ ಅಳತೆ, ತೂಕ, ಅಂಟು ಎಲ್ಲವೂ ತಾವಾಗಿಯೇ ತೀರ್ಮಾನವಾಗುತ್ತವೆ.

ಎಚ್‌ಓ, ಎನ್, ಓ, ಜಿ ಅಂತೆಲ್ಲ ಹೇಳ್ತಾರೆ. ಸ್ಕೇಲ್ ಬೇರೆ, ಗೇಜ್ ಬೇರೆನಾ?

ಬೇರೆ. ಸ್ಕೇಲ್ ಎಂದರೆ ನಿಜವಾದ ರೈಲನ್ನು ಎಷ್ಟು ಪಟ್ಟು ಕುಗ್ಗಿಸಿದ್ದಾರೆ ಎಂಬ ಅನುಪಾತ. ಗೇಜ್ ಎಂದರೆ ಎರಡು ಹಳಿಗಳ ಒಳ ಅಂಚುಗಳ ನಡುವಿನ ಅಂತರ. ನಿಜವಾದ ಸ್ಟ್ಯಾಂಡರ್ಡ್ ಗೇಜ್ 1,435 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 16.5 ಮಿ.ಮೀ., ಅದೇ ಎಚ್‌ಓ. 160ರಿಂದ ಭಾಗಿಸಿದರೆ 9 ಮಿ.ಮೀ., ಅದು ಎನ್. ಆ ಒಂಬತ್ತಕ್ಕೇ ಎನ್ ಎಂಬ ಹೆಸರು: ಇಂಗ್ಲಿಷಿನಲ್ಲಿ ನೈನ್, ಜರ್ಮನ್‌ನಲ್ಲಿ ನೊಯಿನ್. ಎಚ್‌ಓ ಅಂದರೆ ಹಾಫ್ ಓ, ಅಂದರೆ 1:43.5ರ ಓ ಸ್ಕೇಲಿನ ಅರ್ಧ. ಜಿ ತುಂಬ ದೊಡ್ಡದು, 45 ಮಿ.ಮೀ. ಹಳಿ. ಝಡ್ ತೀರಾ ಚಿಕ್ಕದು, 1:220, ಹಳಿ ಬರೀ 6.5 ಮಿ.ಮೀ.

ಗೇಜುಗಳಿಗೆ ಹೀಗೆ ಗೊತ್ತಾದ ಅಳತೆ ಇಡುವ ಪದ್ಧತಿಗೆ ದಾರಿ ಮಾಡಿಕೊಟ್ಟಿದ್ದು ಜರ್ಮನಿಯ ಮಾರ್ಕ್ಲಿನ್ ಕಂಪನಿ, 1891ರ ಲೈಪ್ಜಿಗ್ ಮೇಳದಲ್ಲಿ. ಒಬ್ಬರ ಬೋಗಿ ಇನ್ನೊಬ್ಬರ ಹಳಿಯ ಮೇಲೆ ಇಂದು ಓಡುತ್ತಿದ್ದರೆ ಅದರ ಬೇರು ಅಲ್ಲಿದೆ.

ಹಾಗಾದ್ರೆ ನಾನು ಯಾವುದು ತಗೊಳ್ಳಲಿ?

ಮೇಜಿನ ಮೇಲೆ ಊರು, ಬೆಟ್ಟ, ಮರ ಎಲ್ಲ ಬೇಕೆಂದರೆ ಎನ್. ನೆಲದ ಮೇಲೆ ದೊಡ್ಡ ವೃತ್ತದಲ್ಲಿ ಓಡಿಸಿ, ಮಕ್ಕಳು ಕೈಯಲ್ಲೇ ಬೋಗಿ ಜೋಡಿಸಬೇಕೆಂದರೆ ಓ ಅಥವಾ ಜಿ. ಎಚ್‌ಓದಲ್ಲಿ ಎಂಜಿನ್, ಮನೆ, ಗೊಂಬೆಗಳ ಆಯ್ಕೆ ಅತಿ ಹೆಚ್ಚು. ಆದರೆ ಒಂದು ಸುತ್ತಿಗೆ ಕನಿಷ್ಠ ಒಂದು ಮೀಟರ್ ಅಗಲ ಬೇಡುತ್ತದೆ. ಎತ್ತಿಡುವ ಲೇಔಟ್‌ಗೆ ನಾನು ಎನ್ ಪರ. ಚಿಕ್ಕದನ್ನು ನೋಡಲು ಕಣ್ಣಿಗೆ ಕಷ್ಟವಾಗುವವರು ಮಾತ್ರ ಸಂಕೋಚವಿಲ್ಲದೆ ಎಚ್‌ಓ ಆರಿಸಿಕೊಳ್ಳಿ. ಎನ್ ಸ್ಕೇಲಿನ ಬೋಗಿಯನ್ನು ಹಳಿಗೆ ಕೂರಿಸುವುದೇ ಕೆಲವರಿಗೆ ಕಷ್ಟ, ಆಗ ಆಟದ ಸುಖವೇ ಉಳಿಯುವುದಿಲ್ಲ.

ನನ್ನ ಹತ್ರ ಇರೋದು ಟೀಪಾಯಿಯಷ್ಟು ಜಾಗ. ಸಾಕಾಗುತ್ತಾ?

60 ಸೆಂ.ಮೀ. ಅಗಲ, 90 ಸೆಂ.ಮೀ. ಉದ್ದ ಸಿಕ್ಕರೆ ಎನ್ ಸ್ಕೇಲಿಗೆ ಧಾರಾಳ. ಲೆಕ್ಕ ಹಾಕಿ ನೋಡೋಣ. 249 ಮಿ.ಮೀ. ತ್ರಿಜ್ಯದ ತಿರುವಿನ ಹಳಿಗಳು ಎಂಟು, 248 ಮಿ.ಮೀ. ನೇರ ಹಳಿಗಳು ಎರಡು. ಪೂರ್ತಿ ಸುತ್ತು ಸುಮಾರು 2.06 ಮೀಟರ್. ಇದನ್ನು 160ರಿಂದ ಗುಣಿಸಿದರೆ ನಿಜ ಪ್ರಪಂಚದಲ್ಲಿ 330 ಮೀಟರ್ ಆಯಿತು. ಉದ್ದನೆಯ ಪ್ರಯಾಣಿಕ ರೈಲೊಂದು ನಿಲ್ಲಲೂ ಸಾಲದ ಜಾಗ ಅದು.

ಹಾಗಾಗಿ ಚಿಕ್ಕ ಸುತ್ತಿನಲ್ಲಿ ಚಿಕ್ಕ ರೈಲೇ ಚೆಂದ. ರೈಲಿನ ಉದ್ದ ಸುತ್ತಿನ ಮೂರನೇ ಒಂದು ಭಾಗ ಮೀರಬಾರದು ಎಂಬುದು ನಾನು ಪಾಲಿಸುವ ನಿಯಮ. ಒಂದು ಗಿಡ್ಡ ಎಂಜಿನ್, ನಾಲ್ಕು ಗಿಡ್ಡ ಬೋಗಿ. ತನ್ನ ಬಾಲವನ್ನೇ ಅಟ್ಟಿಸಿಕೊಂಡು ಹೋಗುವ ರೈಲು ನೋಡುವವರಿಗೆ ದಾರಿ ಎಷ್ಟು ಮೋಟು ಎಂಬುದನ್ನು ಮತ್ತೆ ಮತ್ತೆ ನೆನಪಿಸುತ್ತದೆ.

ಸ್ಟಾರ್ಟರ್ ಸೆಟ್ ಸಾಕಾ, ಬಿಡಿಬಿಡಿಯಾಗಿ ತಗೋಬೇಕಾ?

ಸೆಟ್ ಸಾಕು. ಕೆಳಗೆ ಪ್ಲಾಸ್ಟಿಕ್ ಜಲ್ಲಿಹಾಸು ಅಂಟಿಕೊಂಡೇ ಬರುವ, ಕ್ಲಿಕ್ ಎಂದು ಕೂರುವ ಹಳಿಯ ಸೆಟ್ ನೋಡಿ. ಒಂದು ಕಂಪನಿಯ ಇಂಥ ಹಳಿ ಇನ್ನೊಂದರದಕ್ಕೆ ಸಾಮಾನ್ಯವಾಗಿ ನೇರ ಜೋಡಣೆಯಾಗುವುದಿಲ್ಲ. ಮೊದಲು ಆರಿಸಿದ ಬಳಗಕ್ಕೇ ಅಂಟಿಕೊಳ್ಳಿ.

ಮನೇಲಿ ತುಂಬ ಚಿಕ್ಕ ಮಕ್ಕಳಿದ್ದಾರೆ. ಪರವಾಗಿಲ್ವಾ?

ಹಳಿಯಲ್ಲಿ ಹರಿಯುವುದು 12 ವೋಲ್ಟ್ ಆಸುಪಾಸಿನ ಕರೆಂಟು, ಮುಟ್ಟಿದರೆ ಅಪಾಯವಿಲ್ಲ. ಭಯ ಇರುವುದು ಬಾಯಿಗೆ ಹೋಗುವ ವಸ್ತುಗಳದ್ದು: ಗೊಂಬೆಗಳು, ಪುಟ್ಟ ಆಯಸ್ಕಾಂತಗಳು, ಎಲ್ಲಕ್ಕಿಂತ ಮಿಗಿಲಾಗಿ ದೀಪಗಳಿಗೆ ಬಳಸುವ ಬಟನ್ ಬ್ಯಾಟರಿ. ನುಂಗಿದ ಬಟನ್ ಬ್ಯಾಟರಿ ಅನ್ನನಾಳವನ್ನು ಕೆಲವೇ ಗಂಟೆಗಳಲ್ಲಿ ಸುಡುತ್ತದೆ, ಜೀವಕ್ಕೇ ಅಪಾಯ. ಹಾಗೇನಾದರೂ ಆಯಿತೆಂಬ ಅನುಮಾನ ಬಂದರೂ ಸಾಕು, ಕಾಯದೆ ತಕ್ಷಣ ಆಸ್ಪತ್ರೆಗೆ ಓಡಬೇಕು. ಪುಟ್ಟ ಮಕ್ಕಳಿರುವ ಮನೆಯ ಲೇಔಟ್‌ನಲ್ಲಿ ಅದು ಇರಲೇಬಾರದು.

## ಹಲಗೆ ಮತ್ತು ಹಳಿ

ಅಡಿಗೆ ಪ್ಲೈವುಡ್ ಹಾಕಲಾ, ಥರ್ಮಕೋಲ್ ಹಾಕಲಾ?

ಮಣಿಮಣಿಯಾಗಿ ಉದುರುವ ಬಿಳಿ ಥರ್ಮಕೋಲ್ ಬೇಡ. ಕತ್ತರಿಸಿದಾಗ ಏಳುವ ಮಣಿಗಳು ಬಟ್ಟೆಗೆ, ಕೈಗೆ, ಎಂಜಿನ್ನಿನ ಹಲ್ಲುಚಕ್ರಕ್ಕೆ ಎಲ್ಲೆಂದರಲ್ಲಿ ಅಂಟುತ್ತವೆ. ಕಟ್ಟಡಗಳ ಶಾಖ ತಡೆಗೆ ಬಳಸುವ, ನುಣುಪಾದ ಎಕ್ಸ್‌ಪಿಎಸ್ ಫೋಮ್ ಹಲಗೆ ಸಿಗುತ್ತದೆ. 5 ಸೆಂ.ಮೀ. ದಪ್ಪದ್ದು, 60×90 ಅಳತೆಯಲ್ಲಿ ಒಂದು ಕಿಲೋ ಆಸುಪಾಸು ತೂಗುತ್ತದೆ. ಸುತ್ತ ತೆಳು ಮರದ ಚೌಕಟ್ಟು ಹೊಡೆದರೆ ಮೂಲೆ ಮುಕ್ಕಾಗುವುದಿಲ್ಲ, ಹಿಡಿದೆತ್ತಲೂ ಅನುಕೂಲ. ಹಳ್ಳ, ಹೊಳೆ ಬೇಕಾದರೆ ಚಾಕುವಿನಲ್ಲೇ ಕೆತ್ತಬಹುದು.

ಎರಡು ಎಚ್ಚರಿಕೆ. ಘಾಟು ವಾಸನೆಯ ದ್ರಾವಕದ ಅಂಟು, ಸ್ಪ್ರೇ ಬಣ್ಣ ಫೋಮನ್ನು ಕರಗಿಸುತ್ತವೆ. ಬಿಳಿ ಮರದಂಟು, ನೀರಿನ ಬಣ್ಣ ಬಳಸಿ. ಇನ್ನೊಂದು, ವೈರಿನ ಪಿವಿಸಿ ಹೊದಿಕೆ ಈ ಪಾಲಿಸ್ಟೈರೀನ್ ಫೋಮಿಗೆ ತಾಗಿಕೊಂಡೇ ವರ್ಷಗಟ್ಟಲೆ ಇದ್ದರೆ ಫೋಮ್ ಮೆತ್ತಗಾಗಿ ಅಂಟಂಟಾಗುತ್ತದೆ, ಹೊದಿಕೆ ಪೆಡಸಾಗುತ್ತದೆ. ವೈರನ್ನು ಮರದ ಚೌಕಟ್ಟಿನ ಗುಂಟ ಎಳೆದರೆ ಆ ತಾಪತ್ರಯವಿಲ್ಲ.

ಹಳೀನ ಅಂಟಿಸಬೇಕಾ?

ಬೇಡ. ಜಲ್ಲಿಹಾಸಿನ ಜೊತೆ ಬರುವ ಹಳಿಗೆ ನಾಲ್ಕೈದು ಕಡೆ ಸಣ್ಣ ಮೊಳೆಪಿನ್ನು ಚುಚ್ಚಿದರೆ ಅಲುಗಾಡುವುದಿಲ್ಲ. ಮುಂದಿನ ವರ್ಷ ನಕ್ಷೆ ಬದಲಿಸುವ ಆಸೆ ಬಂದೇ ಬರುತ್ತದೆ.

ರೈಲು ಯಾವಾಗಲೂ ಒಂದೇ ತಿರುವಿನಲ್ಲಿ ಹಳಿ ತಪ್ಪುತ್ತೆ. ಎಂಜಿನ್ ಕೆಟ್ಟಿದೆಯಾ?

ಒಂದೇ ಜಾಗದಲ್ಲಿ ಬೇರೆ ಬೇರೆ ಬೋಗಿ ತಪ್ಪಿದರೆ ತಪ್ಪು ಹಳಿಯದು. ಬೇರೆ ಬೇರೆ ಜಾಗದಲ್ಲಿ ಒಂದೇ ಬೋಗಿ ತಪ್ಪಿದರೆ ತಪ್ಪು ಬೋಗಿಯದು. ಮೊದಲು ಇದನ್ನು ಗಮನಿಸಿ.

ಹಳಿಯದ್ದಾದರೆ ಕಣ್ಣನ್ನು ನಂಬಬೇಡಿ, ಉಗುರನ್ನು ನಂಬಿ. ಕರೆಂಟು ಆರಿಸಿ, ಹೆಬ್ಬೆರಳಿನ ಉಗುರನ್ನು ಹಳಿಯ ತಲೆಯ ಮೇಲೆ ಮತ್ತು ಒಳ ಅಂಚಿನಲ್ಲಿ ಮೆಲ್ಲಗೆ ಎಳೆಯಿರಿ. ಜೋಡಣೆಯಲ್ಲಿ ಕೂದಲೆಳೆಯಷ್ಟು ಮೆಟ್ಟಿಲಿದ್ದರೂ ಟಕ್ ಎಂದು ತಾಗುತ್ತದೆ. ಬಹಳ ಸಲ ಹಳಿಯ ಒಂದು ತುದಿ, ಎರಡು ಹಳಿಗಳನ್ನು ಕೂಡಿಸುವ ಜೋಡುಪಟ್ಟಿಯ ಒಳಗೆ ಹೋಗದೆ ಅದರ ಮೇಲೆ ಕುಳಿತಿರುತ್ತದೆ.

ಎಡಕ್ಕೆ ತಿರುಗಿದ ಮರುಕ್ಷಣವೇ ಬಲಕ್ಕೆ ತಿರುಗಿಸುವ ಹಾವಿನ ತಿರುವು ಇನ್ನೊಂದು ಕಾರಣ. ಎರಡರ ನಡುವೆ ನಿಮ್ಮ ಅತಿ ಉದ್ದದ ಬೋಗಿಯಷ್ಟಾದರೂ ನೇರ ಹಳಿ ಇರಲಿ. ಬೋಗಿ ತೀರಾ ಹಗುರವಿದ್ದರೂ ಏಳುತ್ತದೆ. ಅಮೆರಿಕದ ಮಾಡೆಲ್ ರೈಲು ಹವ್ಯಾಸಿಗಳ ಸಂಸ್ಥೆ ಎನ್‌ಎಂಆರ್‌ಎಯ ಶಿಫಾರಸಿನ ಪ್ರಕಾರ 15 ಸೆಂ.ಮೀ. ಉದ್ದದ ಎಚ್‌ಓ ಬೋಗಿ ಸುಮಾರು 110 ಗ್ರಾಂ ತೂಗಬೇಕು. ಕಡಿಮೆಯಿದ್ದರೆ ಒಳಗೆ ನೆಲಕ್ಕೆ ತಾಗಿದಂತೆ ಒಂದೆರಡು ಕಬ್ಬಿಣದ ವಾಷರ್ ಅಂಟಿಸಿ.

ಸೇತುವೆ ಹತ್ತಿ, ಕೆಳಗಿನ ಹಳಿ ದಾಟಿ ಇಳಿಯೋ ಹಾಗೆ ಮಾಡಬಹುದಾ?

ಪುಟ್ಟ ಲೇಔಟ್‌ನಲ್ಲಿ ಲೆಕ್ಕ ಕೂಡುವುದಿಲ್ಲ. ಎನ್ ಸ್ಕೇಲಿನಲ್ಲಿ ಒಂದು ರೈಲಿನ ಮೇಲೆ ಇನ್ನೊಂದು ಹಾಯಲು ಸುಮಾರು 5 ಸೆಂ.ಮೀ. ಎತ್ತರ ಬೇಕು. ಏರಿಗೆ ಆರಾಮದ ಮಿತಿ ನೂರಕ್ಕೆ ಎರಡು, ಅಂದರೆ ಒಂದು ಮೀಟರಿಗೆ 2 ಸೆಂ.ಮೀ. ಹತ್ತಲು ಎರಡೂವರೆ ಮೀಟರ್, ಇಳಿಯಲು ಅಷ್ಟೇ. ನಮ್ಮ ಸುತ್ತೇ ಎರಡು ಮೀಟರ್. ನೂರಕ್ಕೆ ನಾಲ್ಕಕ್ಕೆ ಏರಿಸಿದರೂ ತಿರುವಿನಲ್ಲಿ ಎಂಜಿನ್ ಚಕ್ರ ಜಾರುತ್ತದೆ. ಸೇತುವೆಯ ಆಸೆ ಬಲವಾಗಿದ್ದರೆ ಹಳಿ ಸಮತಟ್ಟಾಗಿಯೇ ಇರಲಿ, ಅದರ ಕೆಳಗಿನ ಫೋಮ್ ಕೆತ್ತಿ ಹಳ್ಳ ಮಾಡಿ. ಸೇತುವೆ ತಾನಾಗಿ ಸಿಗುತ್ತದೆ, ಏರಿಯ ಗೋಜಿಲ್ಲ.

## ಋತುವನ್ನು ತರುವುದು

ಹಿಮಕ್ಕೆ ಹತ್ತಿ ಹಾಕಲಾ, ಅಡುಗೆ ಸೋಡಾ ಉದುರಿಸಲಾ?

ಎರಡೂ ಬೇಡ. ಎರಡನ್ನೂ ಮಾಡಿ ನೋಡಿದ್ದೇನೆ.

ಮೊದಲ ವರ್ಷ ಹಳಿಯ ಪಕ್ಕಕ್ಕೆಲ್ಲ ಹತ್ತಿ ಹಾಸಿದ್ದೆ. ಎರಡು ಸಂಜೆ ಚೆನ್ನಾಗಿ ಓಡಿತು. ಮೂರನೆಯ ಸಂಜೆ ಎಂಜಿನ್ ಸಣ್ಣಗೆ ಕೀರಲು ಶುರುಮಾಡಿ ಬಿಸಿಯಾಯಿತು. ತಿರುವಿ ನೋಡಿದರೆ ಕಣ್ಣಿಗೇ ಕಾಣದಂಥ ಎಳೆಗಳು ಅಚ್ಚಿಗೆ ಸುತ್ತಿ ಸುತ್ತಿ, ಎಣ್ಣೆ ಕುಡಿದು, ಕಪ್ಪು ಉಂಗುರದ ಹಾಗೆ ಬಿಗಿದುಕೊಂಡಿದ್ದವು. ಸೂಜಿಯ ಮೊನೆಯಿಂದ ಒಂದೊಂದೇ ಎಳೆ ಎತ್ತಿ, ಚಿಮುಟದಲ್ಲಿ ಹಿಡಿದು ಬಿಡಿಸುವಷ್ಟರಲ್ಲಿ ಇಡೀ ರಾತ್ರಿ ಹೋಯಿತು. ಮುಂದಿನ ವರ್ಷ ಸೋಡಾ. ಅದು ಗಾಳಿಯ ತೇವ ಹೀರಿ ಗಟ್ಟಿಯಾಗಿ, ಹಳಿಯ ಮೇಲೆ ಕಲೆ ಬಿಟ್ಟಿತು. ಉಪ್ಪು ಅದಕ್ಕಿಂತ ಕೆಟ್ಟದ್ದು, ಲೋಹವನ್ನೇ ತಿನ್ನುತ್ತದೆ. ಹಿಟ್ಟು ಹಾಕಿದರೆ ಹುಳು.

ಈಗ ನಾನು ಮಾಡುವುದು ಹೀಗೆ. ಫೋಮ್ ನೆಲಕ್ಕೆ ಹೊಳಪಿಲ್ಲದ ಬಿಳಿ ಬಣ್ಣ, ತಗ್ಗುಗಳಲ್ಲಿ ಮಾತ್ರ ನೀಲಿಯ ಒಂದು ಸುಳಿವು. ಹಿಮದ ನೆರಳು ಬೂದಿಯಲ್ಲ, ನೀಲಿ. ಅದರ ಮೇಲೆ ಮಾಡೆಲ್‌ಗಳಿಗೆಂದೇ ಸಿಗುವ ಹಿಮದ ಪುಡಿ ಅಥವಾ ನುಣ್ಣನೆಯ ಅಮೃತಶಿಲೆ ಪುಡಿ. ಮೂಗಿಗೆ ಮಾಸ್ಕ್ ಕಟ್ಟಿಕೊಂಡೇ ಈ ಕೆಲಸ ಮಾಡಿ. ನೀರು ಬೆರೆಸಿ ತೆಳುವಾಗಿಸಿದ ಬಿಳಿ ಅಂಟನ್ನು ಬಳಿದು, ಒದ್ದೆ ಇರುವಾಗಲೇ ಟೀ ಸೋಸುವ ಜಾಲರಿಯಿಂದ ನೇರ ಮೇಲಿನಿಂದ ಉದುರಿಸಿ. ಹಿಮ ಬೀಳುವುದೂ ಮೇಲಿನಿಂದಲೇ. ಹಾಗಾಗಿ ಸೂರಿನ ಮೇಲೆ, ಬೇಲಿಗೂಟದ ತಲೆಯ ಮೇಲೆ, ಕೊಂಬೆಯ ಬೆನ್ನಿನ ಮೇಲೆ ಅದು ತಾನಾಗಿ ಕೂರುತ್ತದೆ, ಗೋಡೆಗೆ ಅಂಟುವುದಿಲ್ಲ. ಮೊದಲೇ ಹಳಿಗೆ ಮಾಸ್ಕಿಂಗ್ ಟೇಪ್ ಹಚ್ಚಿರಿ. ಹಳಿಯಿಂದ ಒಂದು ಸೆಂ.ಮೀ. ಒಳಗೆ ಸಡಿಲ ಪುಡಿ ಒಂದು ಚಿಟಿಕೆಯೂ ಬೇಡ.

ಎಷ್ಟು ದಪ್ಪ? ಮೊಣಕಾಲುದ್ದದ ಅರ್ಧ ಮೀಟರ್ ಹಿಮ ಎನ್ ಸ್ಕೇಲಿನಲ್ಲಿ ಬರೀ 3 ಮಿ.ಮೀ. ಪುಡಿಯ ಕಣ 0.1 ಮಿ.ಮೀ. ಇದ್ದರೂ ಆ ಊರಿನ ಜನರಿಗೆ ಅದು ಒಂದೂವರೆ ಸೆಂ.ಮೀ.ಗೂ ಮೀರಿದ ಗೋಲಿ! ನುಣುಪಾದಷ್ಟೂ ಹಿಮ. ಮಿಂಚುಪುಡಿಯನ್ನಂತೂ ಹತ್ತಿರ ಸೇರಿಸಬೇಡಿ, ಅದು ಎಂಜಿನ್ನಿನ ಗೇರಿನವರೆಗೂ ಪ್ರಯಾಣ ಮಾಡುತ್ತದೆ.

ಹಿಮ ಬೇಡ, ಮಳೆಗಾಲ ತೋರಿಸಬೇಕು. ನಿಜವಾದ ನೀರು ಹಾಕಕ್ಕಾಗಲ್ವಲ್ಲ?

ನನಗೆ ಅತಿ ಇಷ್ಟವಾದ ಋತು ಇದೇ, ಮಾಡುವವರು ಕಡಿಮೆ. ಮಳೆಯನ್ನು ತೋರಿಸಬೇಕಿಲ್ಲ, ತೊಯ್ದದ್ದನ್ನು ತೋರಿಸಿದರೆ ಸಾಕು. ಒದ್ದೆಯಾದ ಯಾವುದೇ ಮೇಲ್ಮೈ ಎರಡು ಕೆಲಸ ಮಾಡುತ್ತದೆ: ಬಣ್ಣ ಗಾಢವಾಗುತ್ತದೆ, ಹೊಳಪು ಬರುತ್ತದೆ. ರಸ್ತೆ, ಪ್ಲಾಟ್‌ಫಾರ್ಮ್, ಮಾಡುಗಳಿಗೆ ಒಂದು ಛಾಯೆ ಗಾಢ ಬಣ್ಣ ಹಚ್ಚಿ, ಒಣಗಿದ ಮೇಲೆ ಹೊಳಪಿನ ವಾರ್ನಿಷ್ ಎಳೆಯಿರಿ. ಮಾಡಿನ ಕೆಳಗೆ, ಮರದ ಬುಡದಲ್ಲಿ ಮಾತ್ರ ಹೊಳಪಿಲ್ಲದ ಒಣ ಜಾಗ ಬಿಡಿ. ಆ ಒಣ ಜಾಗವೇ ಉಳಿದದ್ದೆಲ್ಲ ಒದ್ದೆ ಎಂದು ನಂಬಿಸುವುದು. ರಸ್ತೆಯ ತಗ್ಗಿಗೆ ನಾಲ್ಕು ಹನಿ ಪಾರದರ್ಶಕ ಎಪಾಕ್ಸಿ ಬಿಟ್ಟರೆ ಕೊಚ್ಚೆಗುಂಡಿ. ಕೋಣೆಯ ದೀಪ ಮಂದ ಮಾಡಿ ನಿಲ್ದಾಣದ ಹಳದಿ ದೀಪ ಹಚ್ಚಿ, ಆ ಬೆಳಕು ಗುಂಡಿಯಲ್ಲಿ ಇಳಿಯುವುದನ್ನು ನೋಡಿ.

ಎಲೆ ಉದುರುವ ಕಾಲಕ್ಕೆ ಚೆನ್ನಾಗಿ ಒಣಗಿದ ನಿಜವಾದ ಎಲೆಯನ್ನೇ ಪುಡಿಮಾಡಿ ಜರಡಿ ಹಿಡಿದು ಮರದ ಬುಡಕ್ಕೆ ಹಾಕಬಹುದು.

ಒಂದೇ ಲೇಔಟ್‌ನ ಬೇರೆ ಬೇರೆ ಋತುಗಳಿಗೆ ಬದಲಾಯಿಸಕ್ಕೆ ಆಗುತ್ತಾ?

ಆಗುತ್ತದೆ, ಮೊದಲೇ ಯೋಚಿಸಿದ್ದರೆ. ಹಳಿ ಮತ್ತು ಅಡಿಹಲಗೆ ಖಾಯಂ. ಸುತ್ತಿನ ಒಳಗಿನ ಜಾಗ ಮಾತ್ರ ಎತ್ತಿಡುವ ತಟ್ಟೆ. 2.5 ಸೆಂ.ಮೀ. ದಪ್ಪದ ಫೋಮ್ ತುಂಡಿನ ಮೇಲೆ ಹಿಮದ ಊರು ಒಂದು, ಮಳೆಯ ಊರು ಇನ್ನೊಂದು. ಮರಗಳ ಬುಡಕ್ಕೆ ತಂತಿಯ ಕಡ್ಡಿ ಇಟ್ಟು ತೂತಿನಲ್ಲಿ ನಿಲ್ಲಿಸಿದರೆ ಹಸಿರು ಮರ ಕಿತ್ತು ಬೋಳು ಮರ ನೆಡುವುದು ಐದು ನಿಮಿಷದ ಕೆಲಸ. ಮನೆಗಳನ್ನೂ ಅಂಟಿಸಬೇಡಿ, ಸೂರನ್ನಷ್ಟೇ ಬದಲಿಸಬಹುದು.

ಮನೆಗಳಿಗೆ ದೀಪ ಹಾಕೋದು ಹೇಗೆ? ಎಲ್‌ಇಡಿ ಸುಟ್ಟುಹೋಗ್ತಾನೇ ಇರುತ್ತೆ.

ರೆಸಿಸ್ಟರ್ ಇಲ್ಲದೆ ಜೋಡಿಸಿರುತ್ತೀರಿ. ಬೆಚ್ಚನೆ ಬಿಳಿ ಬಣ್ಣದ ಎಲ್‌ಇಡಿಗೆ ಬೇಕಾದದ್ದು ಸುಮಾರು 3 ವೋಲ್ಟ್. ಅಡಾಪ್ಟರ್ 12 ವೋಲ್ಟಿನದಾದರೆ ಉಳಿದ 9 ವೋಲ್ಟನ್ನು ರೆಸಿಸ್ಟರ್ ಹೊರಬೇಕು. 2.2 ಕಿಲೋ ಓಮ್ ಹಾಕಿದರೆ ಹರಿಯುವುದು ಸುಮಾರು 4 ಮಿಲಿಆಂಪಿಯರ್, ಒಂದು ಪುಟ್ಟ ಮನೆಗೆ ಅಷ್ಟು ಬೆಳಕು ಸಾಕು. ಮೂರು ಎಲ್‌ಇಡಿಯನ್ನು ಸಾಲಾಗಿ ಜೋಡಿಸಿದರೆ ಒಂದೇ 680 ಓಮ್ ರೆಸಿಸ್ಟರ್ ಸಾಲುತ್ತದೆ. ದೀಪಕ್ಕೆ ಹಳಿಯ ಕರೆಂಟು ಬಳಸಬೇಡಿ. ರೈಲಿನ ವೇಗ ಇಳಿದಾಗ ಊರೂ ಕತ್ತಲಾಗುತ್ತದೆ.

ಎಲ್ಲ ಮನೆಯಲ್ಲೂ ದೀಪ ಉರಿಯುವುದು ಬೇಡ. ಐದರಲ್ಲಿ ಎರಡು ಕತ್ತಲಾಗಿರಲಿ.

ಎಲ್ಲ ಮಾಡಿದ್ರೂ ಆಟಿಕೆ ಥರಾನೇ ಕಾಣುತ್ತೆ. ಏನು ತಪ್ಪು?

ಬಹುಪಾಲು ವೇಗ. ಗಂಟೆಗೆ 60 ಕಿ.ಮೀ. ಓಡುವ ರೈಲು ಎನ್ ಸ್ಕೇಲಿನಲ್ಲಿ ಸೆಕೆಂಡಿಗೆ ಬರೀ 10 ಸೆಂ.ಮೀ. ಹೋಗಬೇಕು. ಎರಡು ಮೀಟರಿನ ಸುತ್ತಿಗೆ 20 ಸೆಕೆಂಡು. ಗಡಿಯಾರ ಹಿಡಿದು ನೋಡಿ, ಹೆಚ್ಚಿನವರು ಎಂಟು ಹತ್ತು ಸೆಕೆಂಡಿಗೇ ಸುತ್ತಿಸುತ್ತಿರುತ್ತಾರೆ.

ಎರಡನೆಯದು, ಇಡೀ ಹಳಿ ಒಂದೇ ನೋಟಕ್ಕೆ ಕಾಣುವುದು. ಹಿಂದಿನ ಮೂರನೇ ಒಂದು ಭಾಗವನ್ನು ಬೆಟ್ಟದ ಕೆಳಗೆ ಮುಚ್ಚಿ. ರೈಲು ಸುರಂಗಕ್ಕೆ ಹೋಗಿ ಏಳೆಂಟು ಸೆಕೆಂಡು ಕಾಣದಾದರೆ, ನೋಡುವವರ ಮನಸ್ಸು ಅದನ್ನು ಎಲ್ಲೋ ದೂರ ಕಳಿಸಿ ವಾಪಸು ಕರೆಯುತ್ತದೆ. ಬೆಟ್ಟದ ಬೆನ್ನು ತೆರೆದೇ ಇರಲಿ, ಹಳಿ ತಪ್ಪಿದ ಬೋಗಿಗೆ ಕೈ ಎಟುಕಬೇಕಲ್ಲ. ಬೆಟ್ಟದ ಮೇಲಿನ ಮನೆ ಝಡ್ ಸ್ಕೇಲಿನದಾದರೆ ಬೆಟ್ಟ ಇನ್ನೂ ದೂರ ಸರಿಯುತ್ತದೆ.

## ಕರೆಂಟು, ಓಟ, ಸ್ವಯಂಚಾಲನೆ

ಒಂದು ಕಡೆ ಜೋರಾಗಿ ಓಡುತ್ತೆ, ಆ ಕಡೆ ತುದಿಗೆ ಹೋದಾಗ ನಿಧಾನ ಆಗುತ್ತೆ. ಯಾಕೆ?

ಪ್ರತಿ ಜೋಡಣೆಯಲ್ಲೂ ವೋಲ್ಟೇಜ್ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಕಂಟ್ರೋಲರಿನ ಎದುರು ಬದಿಯಲ್ಲಿ ಇನ್ನೊಂದು ಜೊತೆ ವೈರು ಕೊಡಿ, ಒಳ ಹಳಿಗೆ ಒಳಗಿನದು, ಹೊರ ಹಳಿಗೆ ಹೊರಗಿನದು. ಮೀಟರಿಗೊಂದು ಜೊತೆ ಇದ್ದರೆ ಚಿಂತೆಯಿಲ್ಲ.

ಹಳಿ ಕ್ಲೀನ್ ಮಾಡಕ್ಕೆ ಸ್ಯಾಂಡ್‌ಪೇಪರ್ ಉಜ್ಜಬಹುದಾ?

ಬೇಡ. ಗೀರು ಬಿದ್ದ ಜಾಗದಲ್ಲೇ ಮುಂದೆ ಕೊಳೆ ಬೇಗ ಕೂರುತ್ತದೆ. ನೂಲು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ಒರೆಸಿ, ಕರೆಂಟು ಆರಿಸಿ, ಕಿಟಕಿ ತೆರೆದು. ಎಂಜಿನ್ನಿನ ಚಕ್ರವನ್ನೂ ಒರೆಸಿ. ಕೊಳೆ ಚಕ್ರದಿಂದ ಹಳಿಗೆ, ಹಳಿಯಿಂದ ಚಕ್ರಕ್ಕೆ ಓಡಾಡುತ್ತಲೇ ಇರುತ್ತದೆ.

ಡಿಸಿಸಿ ಬೇಕೇ ಬೇಕಾ?

ಡಿಸಿಸಿ ಅಂದರೆ ಎಂಜಿನ್ನುಗಳನ್ನು ಒಂದೊಂದಾಗಿ ಡಿಜಿಟಲ್ ಸಂಕೇತದಿಂದ ನಡೆಸುವ ಪದ್ಧತಿ. ಒಂದು ಸುತ್ತು, ಒಂದು ರೈಲು ಇದ್ದರೆ ಬೇಡ. ಮಾಮೂಲಿ ಡಿಸಿಯಲ್ಲಿ, ಅಂದರೆ ನೇರ ವಿದ್ಯುತ್ತಿನಲ್ಲಿ, ಹಳಿಯ ವೋಲ್ಟೇಜ್ ಏರಿಸಿದಂತೆ ಅದರ ಮೇಲಿರುವ ಎಲ್ಲ ಎಂಜಿನ್ನುಗಳೂ ಓಡುತ್ತವೆ. ಡಿಸಿಸಿಯಲ್ಲಿ ಹಳಿಗೆ ಸದಾ ಪೂರ್ತಿ ವೋಲ್ಟೇಜ್, ಪ್ರತಿ ಎಂಜಿನ್ನಿಗೂ ತನ್ನದೇ ವಿಳಾಸ. ಎಂಜಿನ್ನಿನೊಳಗೆ ಕೂತು ಆ ಸಂಕೇತ ಓದುವ ಚಿಪ್ಪೇ ಡಿಕೋಡರ್, ಹೊಸದರ ವಿಳಾಸ ಸಾಮಾನ್ಯವಾಗಿ 3. ನಿಲ್ದಾಣದಲ್ಲಿ ನಿಂತಾಗಲೂ ಎಂಜಿನ್ನಿನ ದೀಪ ಉರಿಯಬೇಕು, ಒಂದೇ ಹಳಿಯಲ್ಲಿ ಎರಡು ರೈಲು ಬೇರೆ ಬೇರೆಯಾಗಿ ಆಡಬೇಕು ಎಂದಾಗ ಅದರ ಬೆಲೆಗೆ ಅರ್ಥವಿದೆ.

ರೈಲು ತಿರುಗಿ ಅದೇ ದಾರೀಲಿ ವಾಪಸ್ ಬರೋ ಹಾಗೆ ಲೂಪ್ ಹಾಕಿದೆ. ಹಾಕಿದ ತಕ್ಷಣ ಕಂಟ್ರೋಲರ್ ಕಟ್ ಆಗುತ್ತೆ.

ಲೂಪ್ ಸುತ್ತಿ ಬಂದಾಗ ಎಡ ಹಳಿ ಬಲ ಹಳಿಯನ್ನೇ ಸಂಧಿಸುತ್ತದೆ, ಅದು ಶಾರ್ಟ್ ಸರ್ಕ್ಯೂಟ್. ಲೂಪಿನ ಎರಡೂ ತುದಿಗಳಲ್ಲಿ ಎರಡೂ ಹಳಿಗಳಿಗೆ ಪ್ಲಾಸ್ಟಿಕ್ ಜೋಡುಪಟ್ಟಿ ಹಾಕಿ ಬೇರ್ಪಡಿಸಿ, ಆ ಭಾಗದ ಧ್ರುವ ಬದಲಿಸುವ ವ್ಯವಸ್ಥೆ ಮಾಡಬೇಕು. ಡಿಸಿಸಿಗೆ ತಾನಾಗಿ ಬದಲಿಸುವ ಮಾಡ್ಯೂಲ್ ಸಿಗುತ್ತದೆ. ನಡುವೆ ಕರೆಂಟು ಕೊಡುವ ಸಣ್ಣ ಮೊಳೆತಲೆಗಳಿರುವ ಮಾರ್ಕ್ಲಿನ್‌ನ ಮೂರು ಹಳಿ ಪದ್ಧತಿಯಲ್ಲಿ ಈ ತೊಡಕೇ ಇಲ್ಲ, ಅಲ್ಲಿ ಎರಡು ಹೊರ ಹಳಿಗಳೂ ಒಂದೇ ಧ್ರುವ.

ನಾವು ಮುಟ್ಟದೆ ರೈಲು ತಾನೇ ಹೋಗಿ ಬರೋ ಹಾಗೆ ಮಾಡಬೇಕು. ಅಗ್ಗದ ದಾರಿ ಇದೆಯಾ?

ಇದೆ, ಡಿಸಿಯಲ್ಲಿ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡು ಎರಡು ಸಾಕು. ನೇರ ಹಳಿಯ ಎರಡೂ ತುದಿಗಳಲ್ಲಿ, ಎಂಜಿನ್ನಿಗಿಂತ ಸ್ವಲ್ಪ ಉದ್ದವಾದ ತುಂಡಿನಲ್ಲಿ, ಒಂದು ಬದಿಯ ಹಳಿಯನ್ನಷ್ಟೇ ಬೇರ್ಪಡಿಸಿ. ಆ ಕಡಿತಕ್ಕೆ ಅಡ್ಡಲಾಗಿ 1ಎನ್4001 ಡಯೋಡ್ ಬೆಸೆಯಿರಿ. ತುದಿಗೆ ಬಂದ ರೈಲಿಗೆ ಕರೆಂಟು ಸಿಗದೆ ನಿಲ್ಲುತ್ತದೆ. ಧ್ರುವ ಬದಲಾದಾಗ ಡಯೋಡ್ ದಾರಿ ಬಿಡುತ್ತದೆ, ರೈಲು ಹಿಂದಕ್ಕೆ ಹೊರಡುತ್ತದೆ. ಧ್ರುವ ಬದಲಿಸಲು ಅರ್ಧ ನಿಮಿಷಕ್ಕೊಮ್ಮೆ ತಿರುಗುವ ಟೈಮರ್ ರಿಲೇ ಇಡಿ. ತುದಿಯಲ್ಲಿ ನಿಲ್ಲದೆ ಮುಂದೆ ಹೋದರೆ ಡಯೋಡನ್ನು ತಿರುಗಿಸಿ ಹಾಕಿ.

## ಬಿಚ್ಚಿ ಇಡುವುದು

ಎತ್ತಿಡುವಾಗ ಏನೇನು ನೋಡ್ಕೋಬೇಕು?

ಬಿಚ್ಚುವ ಮುನ್ನ ಮೇಲಿನಿಂದ ಒಂದು, ಅಡಿಯ ವೈರುಗಳದ್ದೊಂದು ಫೋಟೋ ತೆಗೆಯಿರಿ. ಪ್ರತಿ ವೈರಿನ ತುದಿಗೂ ಟೇಪಿನ ಚೀಟಿ ಸುತ್ತಿ ಬರೆಯಿರಿ. ಬ್ಯಾಟರಿಗಳನ್ನೆಲ್ಲ ತೆಗೆಯಿರಿ. ಸೋರಿದ ಒಂದು ಬ್ಯಾಟರಿ ಇಡೀ ದೀಪದ ಮನೆಯನ್ನು ಹಾಳುಮಾಡುತ್ತದೆ. ಎಂಜಿನ್, ಬೋಗಿಗಳನ್ನು ಮೆತ್ತನೆಯ ಹಾಸಿರುವ ಡಬ್ಬದಲ್ಲಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಬೇಸಿಗೆಯಲ್ಲಿ ಕುದಿಯುವ ತಗಡಿನ ಮಾಡಿನ ಕೆಳಗೆ ಬೇಡ. ಪ್ಲಾಸ್ಟಿಕ್ ಬೋಗಿ ಸೊಟ್ಟಗಾಗುತ್ತದೆ.

ಹೋದ ವರ್ಷ ಚೆನ್ನಾಗಿತ್ತು. ಈ ವರ್ಷ ಪೆಟ್ಟಿಗೆಯಿಂದ ತೆಗೆದರೆ ಎಂಜಿನ್ ಅಲ್ಲಾಡ್ತಾನೇ ಇಲ್ಲ.

ವೇಗದ ನಾಬನ್ನು ಪೂರ್ತಿ ತಿರುಗಿಸಿ ಬಲವಂತ ಮಾಡಬೇಡಿ, ಹಳೆಯ ಗ್ರೀಸು ಗಟ್ಟಿಯಾಗಿದ್ದರೆ ಮೋಟಾರು ಸುಡುತ್ತದೆ. ತಣ್ಣನೆಯ ಜಾಗದಿಂದ ತಂದಿದ್ದರೆ ಕೆಲವು ಗಂಟೆ ಕೋಣೆಯಲ್ಲಿ ಸುಮ್ಮನೆ ಇಡಿ, ಒಳಗಿನ ತೇವ ಆರಲಿ. ಹಳಿ, ಚಕ್ರ ಒರೆಸಿ. ಪ್ಲಾಸ್ಟಿಕ್ಕಿಗೆ ಹಾನಿ ಮಾಡದ ಮಾಡೆಲ್ ಎಣ್ಣೆಯನ್ನು ಗುಂಡುಸೂಜಿಯ ಮೊನೆಯಲ್ಲಿ ಅದ್ದಿ, ಆ ಮೊನೆಯಲ್ಲಿ ನಿಂತಷ್ಟನ್ನೇ ಅಚ್ಚು ತಿರುಗುವ ಜಾಗಕ್ಕೆ ತಾಗಿಸಿ. ಅಡುಗೆ ಎಣ್ಣೆ ಎಂದಿಗೂ ಬೇಡ, ಅಂಟಾಗಿಬಿಡುತ್ತದೆ. ಚಕ್ರದ ರಬ್ಬರ್ ಉಂಗುರ ಬಿರುಕು ಬಿಟ್ಟಿದ್ದರೆ ಬದಲಿಸಿ.

ಆಮೇಲೆ ಬೋಗಿ ಜೋಡಿಸದೆ, ಅರ್ಧಕ್ಕಿಂತ ಕಡಿಮೆ ವೇಗದಲ್ಲಿ, ಮುಂದಕ್ಕೆ ಹದಿನೈದು ನಿಮಿಷ, ಹಿಂದಕ್ಕೆ ಹದಿನೈದು ನಿಮಿಷ. ಮೊದಲ ಎರಡು ಸುತ್ತು ತಡವರಿಸಿ ನಿಲ್ಲಬಹುದು, ಬೆರಳಿನಿಂದ ಮೆಲ್ಲಗೆ ತಳ್ಳಿ. ಕಿವಿ ಹತ್ತಿರ ಹಿಡಿದು ಕೇಳಿ. ಗೊರಗೊರ ಸದ್ದು ಇಳಿದು ಒಂದೇ ಸಮನಾದ ಗುಂಯ್‌ಗುಡುವಿಕೆ ಬಂದ ಮೇಲೆ ಬೋಗಿಗಳನ್ನು ಜೋಡಿಸಿ.